ಎಲ್ಲ ರಾಜರಿಗೂ ಒಬ್ಬನೇ ದರ್ಜಿ

ಕರ್ನಾಟಕದ ಇತಿಹಾಸದಲ್ಲಿ ಒಬ್ಬ ಮಹಾಪುರುಷನ ಮೇಲೆ ಇನ್ನೂ ಯಾರೂ ಪಿಎಚ್‌ಡಿ ಮಾಡಿಲ್ಲ. ಅವನು ದರ್ಜಿ. ನಾಲ್ಕನೇ ಶತಮಾನದಲ್ಲಿ ಬನವಾಸಿಯ ಮಯೂರಶರ್ಮನಿಗೆ ಅಂಗಿ ಹೊಲಿದುಕೊಟ್ಟವನು ಅವನೇ. ಆಮೇಲೆ ಬಾದಾಮಿಯ ಪುಲಕೇಶಿಗೂ ಹೊಲಿದ. ಹೊಯ್ಸಳ ವಿಷ್ಣುವರ್ಧನನಿಗೂ ಹೊಲಿದ. ಹಂಪಿಯ ಕೃಷ್ಣದೇವರಾಯ, ಬೆಂಗಳೂರಿನ ಕೆಂಪೇಗೌಡರು, ಯಾರನ್ನೂ ಬಿಡಲಿಲ್ಲ. ಸಾವಿರದ ಇನ್ನೂರು ವರ್ಷ ಹೊಲಿದರೂ ಅವನ ಡಿಸೈನು ಒಂದೇ. ಮೆರೂನ್ ವೆಲ್ವೆಟ್, ಅಂಚಿಗೆ ಚಿನ್ನದ ಬಣ್ಣದ ಲೇಸು, ಬೆನ್ನಿಗೆ ವೆಲ್ಕ್ರೋ. ನಂಬಿಕೆ ಬರದಿದ್ದರೆ ನಿಮ್ಮ ಕಡೆಯ ಯಾವುದಾದರೂ ಉತ್ಸವದ ಮೆರವಣಿಗೆ ನೋಡಿ. ಟ್ರ್ಯಾಕ್ಟರ್ ಮೇಲೆ ನಿಂತವನು ಯಾವ ವಂಶದವನು ಅಂತ ಗೊತ್ತಾಗಬೇಕಾದರೆ ಟ್ರ್ಯಾಕ್ಟರಿಗೆ ಕಟ್ಟಿದ ಫ್ಲೆಕ್ಸ್ ಓದಬೇಕು.

ಈ ದರ್ಜಿಯ ಈಗಿನ ವಿಳಾಸ, ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿ. ಒಳಗೆ ಹೋದರೆ ನುಸಿಗುಳಿಗೆ ವಾಸನೆ. ತಂತಿಯ ಮೇಲೆ ಸಾಲಾಗಿ ದೇವರು, ಪೊಲೀಸು, ರಾಜ, ಹೂಕೋಸು. ಹೂಕೋಸು ಯುಕೆಜಿ ಮಕ್ಕಳ ಛದ್ಮವೇಷಕ್ಕೆ. ರಾಜನ ಅಂಗಿಯ ಕಾಲರಿನ ಒಳಗಡೆ ಮಾರ್ಕರ್ ಪೆನ್ನಿನಲ್ಲಿ 'ರಾಜ 3' ಅಂತ ಬರೆದಿರುತ್ತದೆ. ಅದರ ಪಕ್ಕದಲ್ಲೇ ಹಿಂದಿನ ರಾಜ ಬಿಟ್ಟುಹೋದ ಮೇಕಪ್ಪಿನ ಕಲೆ. ಕಿರೀಟ ರಟ್ಟಿನದು, ಮೇಲೆ ಚಿನ್ನದ ಕಾಗದ. ಉದುರಿಹೋದ ಹರಳಿನ ಜಾಗದಲ್ಲಿ ಯಾರೋ ಜಾಣರು ಹಣೆಬೊಟ್ಟಿನ ಸ್ಟಿಕ್ಕರ್ ಅಂಟಿಸಿರುತ್ತಾರೆ. ಗದ್ದದ ಕೆಳಗೆ ಎಲಾಸ್ಟಿಕ್.

"ಚಾಲುಕ್ಯ ರಾಜಂದು ಬೇಕಿತ್ತು."

"ದಪ್ಪನಾ ಸಾರ್, ಸಣ್ಣನಾ?"

ಇತಿಹಾಸದ ಬಗ್ಗೆ ಆ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಇದೊಂದೇ.

ವಿಜಯನಗರಕ್ಕೆ 1535ರ ಸುಮಾರಿಗೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಒಂದು ಮಾತು ಬರೆದಿಟ್ಟಿದ್ದಾನೆ. ಆಗ ಅಚ್ಯುತರಾಯನ ಕಾಲ. ರಾಜ ಒಮ್ಮೆ ಉಟ್ಟ ಬಟ್ಟೆಯನ್ನು ಇನ್ನೊಮ್ಮೆ ಉಡುತ್ತಿರಲಿಲ್ಲವಂತೆ. ತೆಗೆದ ತಕ್ಷಣ ಅದಕ್ಕೆಂದೇ ಇದ್ದ ಅಧಿಕಾರಿಗಳ ಕೈಗೆ ಹೋಗುತ್ತಿತ್ತು, ಅದಕ್ಕೆ ಲೆಕ್ಕ ಇರುತ್ತಿತ್ತು, ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಅದೇ ಅಚ್ಯುತರಾಯ ಈಗ 'ರಾಜ 3' ಹಾಕಿಕೊಂಡು ಹೊರಟಿದ್ದಾನೆ. ಬೆಳಿಗ್ಗೆ ಅದೇ ಅಂಗಿ ಯಾವುದೋ ಸ್ಕೂಲಿನಲ್ಲಿ ಟಿಪ್ಪು ಸುಲ್ತಾನನ ಮೈಮೇಲಿತ್ತು. ಒಗೆದಿಲ್ಲ.

ವೆಲ್ವೆಟ್ಟಿನದೇನೂ ತಪ್ಪಿಲ್ಲ, ಪಾಪ. ಅದು ಬಂದದ್ದು ಪಾರ್ಸಿ ನಾಟಕ ಕಂಪನಿಗಳ ದಾರಿ ಹಿಡಿದು. ಊರೂರಿಗೆ ಟೆಂಟು ಹೊತ್ತು ತಿರುಗಿದ ನಮ್ಮ ಕಂಪನಿ ನಾಟಕದವರು ಅದನ್ನು ಕಲಿತರು. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಆಗಿನ ಬೆಳಕಿನಲ್ಲಿ ನೆಲಕ್ಕೆ ಕೂತ ಕೊನೆಯ ಸಾಲಿನವನಿಗೂ ರಾಜ ಯಾರು, ಮಂತ್ರಿ ಯಾರು ಅಂತ ಕಾಣಬೇಕಿತ್ತು. ಹಾಗಾಗಿ ಮಿಂಚು ಬೇಕಿತ್ತು, ಜರಿ ಬೇಕಿತ್ತು. ಅದು ರಂಗದ ಲೆಕ್ಕಾಚಾರ, ಒಳ್ಳೆಯ ಲೆಕ್ಕಾಚಾರವೇ. ಅಲ್ಲಿಂದ ಸಿನಿಮಾಕ್ಕೆ ಹೋಯಿತು, ಕ್ಯಾಲೆಂಡರಿಗೆ ಹೋಯಿತು, ಪಠ್ಯಪುಸ್ತಕದ ಚಿತ್ರಕ್ಕೂ ಹೋಯಿತು. ಈಗ ಬಯಲುಸೀಮೆಯ ಮಧ್ಯಾಹ್ನದ ಬಿಸಿಲಿನಲ್ಲಿ, ಡಿಜೆ ಹಿಂದೆ, ಬೆವರು ಸುರಿಸಿಕೊಂಡು ನಡೆಯುತ್ತಿದೆ. ಕಿರೀಟದ ಚಿನ್ನ ಬೆವರಿಗೆ ಕರಗಿ ಹಣೆಯ ಮೇಲೆ ಇಳಿಯುತ್ತಿದೆ. ಪುಲಕೇಶಿಗೆ ತಲೆ ಸುತ್ತು ಬಂದು ಆಂಬುಲೆನ್ಸ್ ನೆರಳಿನಲ್ಲಿ ಕೂರಿಸಿ ಓಆರ್‌ಎಸ್ ಕುಡಿಸುತ್ತಿದ್ದಾರೆ.

ಪುಲಕೇಶಿಗೆ ಇಷ್ಟು ಕಷ್ಟ ಯಾಕೆ ಬರಬೇಕು? ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನವಿದೆ, ಅದೇ ಗುಹೆಯಲ್ಲಿ ಮಾಸಿದ ಚಿತ್ರಗಳಿವೆ, ಸುತ್ತಲೂ ಕಲ್ಲಿನ ಮೂರ್ತಿಗಳಿವೆ. ಅರಮನೆಯ ಜನ ಸೊಂಟಕ್ಕೆ ತೆಳು ಬಟ್ಟೆ ಉಟ್ಟು, ಬರಿ ಮೈಮೇಲೆ ಹಾರ, ತೋಳಬಂದಿ ಹಾಕಿಕೊಂಡು ಆರಾಮಾಗಿ ಕೂತಿದ್ದಾರೆ. ಆ ಊರಿನ ಬಂಡೆಗಳ ಶಾಖ ಗೊತ್ತಿದ್ದವರು ಹಾಗೇ ಉಡುವುದು. ಆದರೆ ಇದನ್ನು ಹೇಳಿ ನೋಡಿ. "ಏನ್ರೀ, ನಮ್ಮ ಚಕ್ರವರ್ತಿಗೆ ಅಂಗಿಗೂ ಗತಿ ಇರಲಿಲ್ಲ ಅಂತೀರಾ?" ಅಂತ ಜಗಳಕ್ಕೇ ಬರುತ್ತಾರೆ.

ಉತ್ಸವದ ಪೂರ್ವಭಾವಿ ಸಭೆ ಹೇಗಿರುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಪೆಂಡಾಲು, ಊಟ, ಗಣ್ಯರ ಪಾಸು, ಸಿನಿಮಾ ನಟರ ರೂಮು, ಇಷ್ಟಕ್ಕೆ ಎರಡು ಗಂಟೆ. ವೇಷಭೂಷಣಕ್ಕೆ ಕೊನೆಯ ಐದು ನಿಮಿಷ, ಅದೂ ಟೀ ಬರುವ ಹೊತ್ತಿಗೆ. ಮೂಲೆಯಲ್ಲಿ ಕೂತ ಇತಿಹಾಸದ ಮೇಷ್ಟ್ರು ಕೈ ಎತ್ತುತ್ತಾರೆ.

"ಸಾರ್, ಕೃಷ್ಣದೇವರಾಯನಿಗೆ ಈ ಸಲ ಕಿರೀಟ ಬೇಡ. ಕುಲ್ಲಾಯಿ ಹಾಕ್ಸೋಣ."

"ಏನ್ ಹಾಗಂದ್ರೆ?"

"ಉದ್ದನೆ ಟೋಪಿ ಸಾರ್. ತಿರುಮಲದ ದೇವಸ್ಥಾನದಲ್ಲಿ ರಾಯಂದೇ ಲೋಹದ ವಿಗ್ರಹ ಇದೆಯಲ್ಲ, ತಿರುಮಲದೇವಿ, ಚಿನ್ನಾದೇವಿ ಜೊತೆ ಕೈ ಮುಗಿದು ನಿಂತಿರೋದು. ಅದರ ತಲೆ ಮೇಲಿರೋದು ಅದೇ."

"ಕೂಸಿಗೆ ಹಾಕೋ ಕುಲಾವಿನಾ ಮೇಷ್ಟ್ರೇ?" ಎಲ್ಲರಿಗೂ ನಗು. ಅಧ್ಯಕ್ಷರು ಮಾತ್ರ ನಗಲಿಲ್ಲ. "ಟೋಪಿ ಗೀಪಿ ಬೇಡ. ಎಲೆಕ್ಷನ್ ಬೇರೆ ಹತ್ರ ಇದೆ. ಜನ ಏನೇನೋ ತಿಳ್ಕೊತಾರೆ. ಕಿರೀಟನೇ ಸೇಫು."

ಅಧ್ಯಕ್ಷರ ಭಯದಲ್ಲಿ ಅರ್ಧ ಸತ್ಯ ಇದೆ. ಆ ಟೋಪಿ, ಅದರ ಜೊತೆಗಿನ ಕಬಾಯಿ ಅನ್ನುವ ಉದ್ದ ತೋಳಿನ ಅಂಗಿ, ಎರಡೂ ಪರ್ಷಿಯಾ ಕಡೆಯ ಆಸ್ಥಾನಗಳ ಫ್ಯಾಷನ್ನು. ವಿಜಯನಗರದ ಅರಸರು ಅದನ್ನು ನೋಡಿದರು, ಇಷ್ಟಪಟ್ಟರು, ಹೊಲಿಸಿಕೊಂಡರು. ಬಹಮನಿಗಳ ಜೊತೆ ಯುದ್ಧ ಬೇರೆ, ಅಂಗಿ ಬೇರೆ. ದೇವರ ಮುಂದೆ ನಿಲ್ಲುವಾಗ ಕಬಾಯಿ ತೆಗೆದಿಟ್ಟ ರಾಯ, ಕುಲ್ಲಾಯಿ ಮಾತ್ರ ತೆಗೆಯಲಿಲ್ಲ. ತಿರುಪತಿಗೆ ಹೋದವರು ಲಡ್ಡು ಕ್ಯೂಗೆ ಓಡುವ ಮೊದಲು ಒಂದು ನಿಮಿಷ ನಿಂತು ನೋಡಿದರೆ ಸಾಕು. ಅಷ್ಟು ದೊಡ್ಡ ಸಾಮ್ರಾಜ್ಯ ಕಟ್ಟಿದವನಿಗೆ ಇಲ್ಲದ ಮುಜುಗರ ವೇಷಭೂಷಣ ಉಪಸಮಿತಿಗಿದೆ.

ಇನ್ನು ಚಪ್ಪಲಿ. ಮೆರವಣಿಗೆಯ ರಾಯನ ಕಾಲಲ್ಲಿ ರಾಜಸ್ಥಾನದ ಮೂತಿ ಮೇಲಾದ ಮೋಜಡಿ ಇರುತ್ತದೆ. ಸೈಜ್ ಸಿಗದಿದ್ದರೆ ಬಿಳಿ ಸ್ಪೋರ್ಟ್ಸ್ ಶೂ. 1520ರ ಸುಮಾರಿಗೆ ರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಏನು ಬರೆದಿದ್ದಾನೆ ಗೊತ್ತಾ? ಬಿಳಿ ಬಟ್ಟೆ, ಅದರ ತುಂಬ ಚಿನ್ನದ ಎಳೆಯಲ್ಲಿ ಕಸೂತಿ ಮಾಡಿದ ಗುಲಾಬಿಗಳು. ಕೊರಳಲ್ಲಿ ವಜ್ರದ ಹಾರ. ತಲೆಗೆ ಜರತಾರಿ ಟೋಪಿ. ಕಾಲು ಬರಿಗಾಲು. ರಾಜ ಇರುವ ಕಡೆ ಯಾರೂ ಚಪ್ಪಲಿ ಮೆಟ್ಟಿ ಹೋಗುತ್ತಿರಲಿಲ್ಲ, ನಾಡಿನ ಬಹುಪಾಲು ಜನ ಬರಿಗಾಲಲ್ಲೇ ಓಡಾಡುತ್ತಿದ್ದರು ಅಂತಲೂ ಸೇರಿಸಿದ್ದಾನೆ. ಬಿಳಿ ಬಟ್ಟೆ! ಮೆರೂನ್ ಅಲ್ಲ. ಕಮಿಟಿಯವರಿಗೆ ಹೇಳಿದರೆ, ಬಿಳಿ ಬಟ್ಟೆ ನಮಗೇ ಇರಲಿ ಅಂತಾರೆ.

ಅದೇ ಪಾಯೆಸ್ ರಾಯನ ಮೈಕಟ್ಟನ್ನೂ ಬಿಟ್ಟಿಲ್ಲ. ಮಧ್ಯಮ ಎತ್ತರ, ಒಳ್ಳೆಯ ಬಣ್ಣ, ತೆಳ್ಳಗಲ್ಲ, ಸ್ವಲ್ಪ ದಪ್ಪಗೇ ಇದ್ದಾನೆ, ಮುಖದಲ್ಲಿ ಸಿಡುಬಿನ ಕಲೆಗಳಿವೆ. ಈಗ ಉತ್ಸವದ ಪೋಸ್ಟರ್ ನೋಡಿ. ಎಐ ಬರೆದುಕೊಟ್ಟ ರಾಯ. ಆರೂವರೆ ಅಡಿ, ಹೊಟ್ಟೆ ಮೇಲೆ ಆರು ಇಟ್ಟಿಗೆ, ಗಾಳಿಗೆ ಹಾರುವ ಶಾಂಪೂ ಕೂದಲು, ಎದೆಗೆ ಇಂಗ್ಲೆಂಡಿನ ಸರದಾರರ ಉಕ್ಕಿನ ಕವಚ, ಪಕ್ಕದಲ್ಲಿ ಸುಮ್ನೆ ಒಂದು ಸಿಂಹ. ಹಿನ್ನೆಲೆಯ ಕಲ್ಲಿನ ರಥಕ್ಕೆ ಎಂಟು ಚಕ್ರ. ಕೆಳಗೆ ಹನ್ನೆರಡು ಜನಪ್ರತಿನಿಧಿಗಳ ಫೋಟೋ. ಆ ಪೋಸ್ಟರಿನಲ್ಲಿ ಅಸಲಿ ಇರುವುದು ಅವರು ಮಾತ್ರ. ದಪ್ಪಗೆ ಇರುವವರೂ ಅವರೇ.

ರಾಣಿಯರ ಕಥೆ ಇನ್ನೂ ಚೆನ್ನಾಗಿದೆ. ಪಾರ್ಲರಿನಲ್ಲಿ ಮೂರು ಗಂಟೆ ಕೂತು ಬಂದ ರಾಣಿ ಕಾಂಜೀವರಂ ಸೆರಗನ್ನು ನೆರಿಗೆ ಹಾಕಿ ಎಡಗಡೆ ಹೆಗಲಿಗೆ ಪಿನ್ ಮಾಡಿಸಿಕೊಂಡಿರುತ್ತಾಳೆ. ಸೇಫ್ಟಿ ಪಿನ್ನಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1849ರಲ್ಲಿ. ನಮ್ಮ ಇತಿಹಾಸದ ಎಲ್ಲ ರಾಣಿಯರ ಮರ್ಯಾದೆ ಕಾಯುತ್ತಿರುವುದು ಅದೇ ಪಿನ್ನು. ಮಹಾನವಮಿ ದಿನ ಅರಮನೆಯ ಹೆಂಗಸರ ಮೆರವಣಿಗೆ ನೋಡಿದ ಪಾಯೆಸ್, ಅವರ ತಲೆಯ ಮೇಲೂ ಎತ್ತರದ ಕುಲ್ಲಾಯಿ ಇತ್ತು, ಅದರ ಮೇಲೆ ದಪ್ಪ ಮುತ್ತಿನಲ್ಲಿ ಮಾಡಿದ ಹೂಗಳಿದ್ದವು ಅಂತ ಬರೆಯುತ್ತಾನೆ. ಮೈಮೇಲಿನ ಒಡವೆಯ ಭಾರ ತಡೆಯಲಾಗದೆ ಕೆಲವರ ತೋಳುಗಳನ್ನು ಪಕ್ಕದಲ್ಲಿದ್ದ ಹೆಂಗಸರು ಹಿಡಿದುಕೊಂಡು ನಡೆಯಬೇಕಿತ್ತಂತೆ. ಈಗಿನ ರಾಣಿಯ ಒಡವೆ ಒನ್ ಗ್ರಾಮ್ ಗೋಲ್ಡ್. ತೋಳು ಅವಳೇ ಎತ್ತುತ್ತಾಳೆ, ಸೆಲ್ಫಿಗೆ.

ಸೈನಿಕರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಪಾಪ ಹಾಸ್ಟೆಲ್ ಹುಡುಗರು. ಚಿತ್ರಾನ್ನದ ಪೊಟ್ಟಣಕ್ಕೆ ಬಂದವರು. ಮೊಣಕಾಲಿನವರೆಗೆ ಲಂಗದಂಥ ಅಂಗಿ, ತಲೆಗೆ ರೋಮಿನವರ ಥರ ಬ್ರಷ್ ನೆಟ್ಟ ಹೆಲ್ಮೆಟ್ಟು, ಅಲ್ಯೂಮಿನಿಯಂ ಪೈಪಿನ ಈಟಿ. ವಿಜಯನಗರದ ಸೈನ್ಯದವರು ತೊಡುತ್ತಿದ್ದದ್ದು ಪದರ ಪದರ ಹಸಿ ಚರ್ಮ ಸೇರಿಸಿ ಹೊಲಿದ, ಒಳಗೆ ಲೋಹದ ತಗಡು ಇಟ್ಟ ದಪ್ಪ ಅಂಗಿ. ಹೊರಗಡೆಗೆ ರೇಷ್ಮೆ, ಕೆಲವರದ್ದಕ್ಕೆ ವೆಲ್ವೆಟ್. ಹೌದು, ವೆಲ್ವೆಟ್! ಸ್ಯಾಟಿನ್ನೂ ಇತ್ತು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ನೋಡಿದಾಗ ಇಮ್ಮಡಿ ದೇವರಾಯ ಹಸಿರು ಸ್ಯಾಟಿನ್ನಿನ ನಿಲುವಂಗಿ ತೊಟ್ಟು, ಕೊರಳಿಗೆ ಮುತ್ತಿನ ಹಾರ ಹಾಕಿಕೊಂಡು ಕೂತಿದ್ದ. ಹಾಗಾಗಿ ಮಿಂಚುವುದೆಲ್ಲ ಸುಳ್ಳು ಅಂತ ನನ್ನ ವಾದ ಅಲ್ಲ. ಯಾವ ರಾಜ, ಯಾವ ಕಾಲ, ಯಾವ ಸಮಯಕ್ಕೆ ಏನು ಉಟ್ಟ ಅಂತ ಹತ್ತು ನಿಮಿಷ ಕಣ್ಣು ಬಿಟ್ಟು ನೋಡುವ ವ್ಯವಧಾನ ಯಾರಿಗೂ ಇಲ್ಲ. ಅದು ನನ್ನ ತಕರಾರು.

ಇದಕ್ಕೆ ಪೂರಾ ಉಲ್ಟಾ ಹುಚ್ಚು ಯುರೋಪಿನಲ್ಲಿದೆ. ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್ಸ್‌ನೆಸ್ ಎಂಬಲ್ಲಿ 1921ರಲ್ಲಿ ಡೆನ್ಮಾರ್ಕಿನವರು ಹಳೇ ಸ್ಮಶಾನ ಅಗೆದಾಗ, ಹೆಪ್ಪುಗಟ್ಟಿದ ಮಣ್ಣಿನಲ್ಲಿ ಮಧ್ಯಯುಗದ ಉಣ್ಣೆ ಅಂಗಿಗಳು, ಬಾಲದ ಟೋಪಿಗಳು ಸಿಕ್ಕವು. ಸ್ವೀಡನ್ನಿನ ಬೊಕ್‌ಸ್ಟೆನ್ ಜೌಗಿನಲ್ಲಿ 1936ರಲ್ಲಿ ಒಬ್ಬ ಮನುಷ್ಯ ಮೈಮೇಲಿನ ಪೂರಾ ಬಟ್ಟೆ ಸಮೇತ ಸಿಕ್ಕ. ಹಳೇ ಕಾಲದ ವೇಷ ಹಾಕುವ ಹವ್ಯಾಸದವರು ಅಲ್ಲಿ ಆ ಬಟ್ಟೆಗಳ ಪ್ರತಿ ಹೊಲಿಗೆ ಎಣಿಸಿ, ಉಣ್ಣೆಗೆ ಮಂಜಿಷ್ಠದ ಬೇರಿನ ಬಣ್ಣ ಹಾಕಿ, ಕೈಯಲ್ಲೇ ಹೊಲಿದುಕೊಳ್ಳುತ್ತಾರೆ. ಆಮೇಲೆ ಜಾತ್ರೆಗೆ ಹೋಗಿ ಪಕ್ಕದವನ ಅಂಗಿ ಮಗುಚಿ, "ಒಳಗೆ ಮಷಿನ್ ಹೊಲಿಗೆ ಇದೆ!" ಅಂತ ಅವನ ಮಾನ ಕಳೆಯುತ್ತಾರೆ. ಅದೂ ಒಂದು ಕಾಯಿಲೆಯೇ. ಆದರೆ ಅಂಥ ಕಾಯಿಲೆಯವರು ತಾಲ್ಲೂಕಿಗೆ ಇಬ್ಬರು ಇದ್ದಿದ್ದರೆ ನಮ್ಮ ಪುಲಕೇಶಿಗೆ ಓಆರ್‌ಎಸ್ ಬೇಕಾಗುತ್ತಿರಲಿಲ್ಲ.

ನಮ್ಮಲ್ಲಿ ಹೂತ ಬಟ್ಟೆ ಉಳಿಯುವುದಿಲ್ಲ, ನಿಜ. ಗೆದ್ದಲು, ಮಳೆ, ಬಿಸಿಲು ಸೇರಿ ಮುಗಿಸಿಬಿಡುತ್ತವೆ. ಆದರೆ ಕಲ್ಲು ಉಳಿದಿದೆ. ಹಂಪಿಯ ಹಜಾರರಾಮ ದೇವಸ್ಥಾನದ ಹೊರಗೋಡೆಯಲ್ಲಿ ಕುದುರೆ, ಆನೆ, ಸೈನಿಕರು, ಕುಣಿಯುವವರು ಸಾಲು ಸಾಲಾಗಿ ಹೊರಟಿದ್ದಾರೆ. ಐನೂರಕ್ಕೂ ಹೆಚ್ಚು ವರ್ಷಗಳಿಂದ ನಡೆಯುತ್ತಿರುವ ಮೆರವಣಿಗೆ ಅದು, ಡಿಜೆ ಇಲ್ಲದೆ. ಹಿಂದೂಪುರದ ಪಕ್ಕದ ಲೇಪಾಕ್ಷಿಗೆ ಹೋಗಿ ಕತ್ತು ಎತ್ತಿದರೆ ವೀರಭದ್ರನ ಗುಡಿಯ ಮಾಳಿಗೆ ತುಂಬ ಬಣ್ಣದ ಚಿತ್ರಗಳು. ಪಟ್ಟೆ ಸೀರೆ, ಹೂವಿನ ಸೀರೆ, ಗಂಡಸರ ಚೂಪು ಟೋಪಿ, ಎಲ್ಲ ಡಿಸೈನ್ ಸಮೇತ. ಸೀರೆ ಅಂಗಡಿಯವರು ನೋಡಿಕೊಂಡು ಬಂದು ಅಂಚು ನೇಯಿಸಿ ಮಾರಿಯೂ ಆಯಿತು. ಉತ್ಸವ ಸಮಿತಿ ಮಾತ್ರ ಇನ್ನೂ ಕತ್ತು ಎತ್ತಿಲ್ಲ.

ಓದಲು ಬೇಕೆಂದರೆ ರಾಜನೇ ಬರೆದಿಟ್ಟದ್ದೂ ಇದೆ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ಬಟ್ಟೆಗೇ ಒಂದು ಭಾಗ. ನಾಗಪಟ್ಟಣ, ಸಿಂಹಳ, ಮಹಾಚೀನ ಅಂತ ಬಟ್ಟೆ ಬರುವ ಊರುಗಳ ಪಟ್ಟಿಯಿದೆ. ಯಾವ ಋತುವಿಗೆ ಯಾವ ಬಟ್ಟೆ ಅಂತಲೂ ಇದೆ. ಇಷ್ಟು ಬಟ್ಟೆ ತಿಳಿದ ರಾಜ ಮೆರವಣಿಗೆಯಲ್ಲಿ ಬರುವುದೇ ಇಲ್ಲ. ಬಂದರೆ ಅವನಿಗೂ 'ರಾಜ 3'.

ಮತ್ತೆ ಸಭೆ. ಟೀ ಮುಗಿದಿದೆ, ಎಲ್ಲರೂ ಕುರ್ಚಿ ಹಿಂದಕ್ಕೆ ತಳ್ಳುತ್ತಿದ್ದಾರೆ. ಮೇಷ್ಟ್ರು ಕೊನೆಯ ಬಾಣ ಬಿಡುತ್ತಾರೆ.

"ಸಾರ್, ಖರ್ಚೇ ಇಲ್ಲದ ಒಂದು ಸೀನ್ ಇದೆ, ನೂರಕ್ಕೆ ನೂರು ಅಸಲಿ. ಕೃಷ್ಣದೇವರಾಯ ದಿನಾ ಬೆಳಕು ಹರಿಯೋ ಮೊದಲೇ ಎದ್ದು ಎಳ್ಳೆಣ್ಣೆ ಕುಡೀತಿದ್ದ. ಅದೇ ಎಣ್ಣೆ ಮೈಗೆಲ್ಲ ಹಚ್ಚಿ, ಸೊಂಟಕ್ಕೆ ಒಂದು ತುಂಡು ಬಟ್ಟೆ ಕಟ್ಟಿ, ಮಣ್ಣಿನ ಭಾರ ಎತ್ತುತಿದ್ದ. ಕತ್ತಿ ಬೀಸಿ ಬೀಸಿ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಪೈಲ್ವಾನನ ಜೊತೆ ಕುಸ್ತಿ. ಆಮೇಲೆ ಕುದುರೆ ಸವಾರಿ. ಪಾಯೆಸ್ ಬರೆದಿದ್ದಾನೆ. ನಮ್ಮೂರ ಗರಡಿ ಹುಡುಗರೇ ಮಾಡ್ತಾರೆ, ಬಾಡಿಗೆ ಬಟ್ಟೇನೂ ಬೇಡ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ.

"ಬೆಳಗಿನ ಜಾವ ಮಿನಿಸ್ಟ್ರು ಬರಲ್ಲ," ಅಂದರು ಅಧ್ಯಕ್ಷರು.

"ಅದಿರಲಿ ಸಾರ್," ಅಂದರು ಲೆಕ್ಕದ ಗುಮಾಸ್ತರು, ಕನ್ನಡಕ ಏರಿಸಿ. "ಎಣ್ಣೇನ ಯಾವ ಹೆಡ್ಡಿಗೆ ಹಾಕೋದು? ಕುಡಿದದ್ದು ಊಟೋಪಚಾರಕ್ಕೆ ಬರುತ್ತೆ. ಹಚ್ಕೊಂಡಿದ್ದು ವೇಷಭೂಷಣಕ್ಕೆ ಬರುತ್ತೆ. ಆಡಿಟ್‌ನವರು ಎರಡಕ್ಕೂ ಬೇರೆ ಬೇರೆ ವೋಚರ್ ಕೇಳ್ತಾರೆ. ರಾಯರ ಸಹಿ ಸಮೇತ."