ತುರಿದ ಕಾಯಿ ಮತ್ತೆ ಹೋಳಾಗುತ್ತಾ?
ಭೌತಿಕ ಬದಲಾವಣೆಯನ್ನು ಹಿಂದಕ್ಕೆ ತರಬಹುದು, ರಾಸಾಯನಿಕ ಬದಲಾವಣೆಯನ್ನು ತರಲಾಗದು ಎಂದು ಬರೆದಿದ್ದೀರಿ. ಮಕ್ಕಳಿಗೆ ಇದೊಂದೇ ಹೇಳಿಕೊಟ್ಟರೆ ಗೊಂದಲ ಗ್ಯಾರಂಟಿ. ತೆಂಗಿನಕಾಯಿ ತುರಿದ ಮೇಲೆ ಮತ್ತೆ ಹೋಳಾಗುತ್ತಾ? ಇಲ್ಲ. ಆದರೂ ಅದು ಭೌತಿಕ ಬದಲಾವಣೆಯೇ. ತುರಿದರೂ ಕಾಯಿ ಕಾಯಿಯೇ ಅಲ್ವಾ? ಹೊಸ ವಸ್ತು ಹುಟ್ಟಿತಾ ಎಂದು ಕೇಳಬೇಕು, ಅಷ್ಟೇ. ಹುಟ್ಟಿದರೆ ರಾಸಾಯನಿಕ, ಇಲ್ಲದಿದ್ದರೆ ಭೌತಿಕ.

ಮಗಳಿಗೆ ಇದನ್ನು ಅಡುಗೆಮನೆಯಲ್ಲೇ ತೋರಿಸಿದೆ. ಉಪ್ಪುನೀರನ್ನು ತಟ್ಟೆಗೆ ಹಾಕಿ ಬಿಸಿಲಿಗಿಟ್ಟೆವು. ನೀರು ಆರಿ ತಳದಲ್ಲಿ ಬಿಳಿ ಹರಳು ಉಳಿಯಿತು. ನೆಕ್ಕಿ ನೋಡಿದಳು, ಅದೇ ಉಪ್ಪು. ಆಮೇಲೆ ಹಳೇ ಸೌಟಿನಲ್ಲಿ ಒಂದು ಚಮಚ ಸಕ್ಕರೆ ಕಾಯಿಸಿದೆ. ಮೊದಲು ಕರಗಿತು, ಕಂದಾಯಿತು, ಹೊಗೆ ಬಂತು, ಕೊನೆಗೆ ಕರ್‍ರಗೆ ಇದ್ದಿಲು. ಆರಿದ ಮೇಲೆ ನಾಲಿಗೆಗೆ ಇಟ್ಟು ಮುಖ ಕಿವುಚಿದಳು. ಸಿಹಿ ಎಲ್ಲಿ ಹೋಯ್ತು ಅಂತ ಅವಳೇ ಕೇಳಿದಳು. (ಸೌಟು ಉಜ್ಜಿದ್ದು ಮಾತ್ರ ನಾನು.)