ಹಿತ್ತಲಿನ ಬಿಲಗಳಿಗೆ ವಿಷ ಹಾಕುವುದು ಸರಿಯೆ?

ಕೈತೋಟದ ಮಣ್ಣಿನಲ್ಲಿ ಬಿಲ ತೋಡಿ ಬೇರು, ಗೆಡ್ಡೆ, ನೀರಿನ ಕೊಳವೆಗಳನ್ನು ಹಾಳುಗೆಡಹುವ ಇಲಿ, ಹೆಗ್ಗಣ, ವಿದೇಶಗಳಲ್ಲಿ ಕಾಣುವ ಇಲಿಯಂತಹ ಗೋಫರ್, ವೋಲ್ ಮೊದಲಾದ ಪ್ರಾಣಿಗಳನ್ನು ಹತೋಟಿಯಲ್ಲಿಡಬೇಕೆಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ಮಾತು ಬೇರೆಯಾಗುವುದು ವಿಷದ ವಿಷಯಕ್ಕೆ ಬಂದಾಗ. ಮನೆಯ ಸುತ್ತಲಿನ ಬಿಲಗಳಿಗೆ ಪಾಷಾಣ ಇಡಬೇಕೆ, ಬೇಡವೆ ಎಂಬುದರ ಎರಡೂ ಪಕ್ಷಗಳು ಇಲ್ಲಿವೆ. ನನ್ನ ಒಲವು ಎರಡನೆಯದರ ಕಡೆಗಿದ್ದರೂ ಮೊದಲನೆಯದನ್ನು ಅದರ ಪೂರ್ಣ ಬಲದೊಡನೆ ಬರೆಯಲು ಪ್ರಯತ್ನಿಸಿದ್ದೇನೆ.

ಪರ

ಬಿಲ ತೋಡುವ ದಂಶಕಗಳು, ಅಂದರೆ ಇಲಿಯಂತೆ ಕಡಿಯುವ ಹಲ್ಲಿನ ಪ್ರಾಣಿಗಳು, ಮಾಡುವ ಹಾನಿ ಕಣ್ಣಿಗೆ ಬೀಳುವ ಹೊತ್ತಿಗೆ ಬಹಳಷ್ಟು ಆಗಿಹೋಗಿರುತ್ತದೆ. ಅವುಗಳ ಬಾಚಿಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುವುದರಿಂದ ಸದಾ ಏನನ್ನಾದರೂ ಕಡಿಯುತ್ತಲೇ ಇರುತ್ತವೆ. ಹನಿ ನೀರಾವರಿಯ ಕೊಳವೆಯಾಗಲಿ, ಎಳೆಯ ಮರದ ಬುಡದ ತೊಗಟೆಯಾಗಲಿ, ನೆಲದಡಿಯ ವಿದ್ಯುತ್ ತಂತಿಯಾಗಲಿ ಅವಕ್ಕೆ ಒಂದೇ. ಮೇಲೆ ಹಸಿರಾಗಿ ಕಾಣುತ್ತಿದ್ದ ಗಿಡ ಒಂದು ಬೆಳಿಗ್ಗೆ ಬಾಡಿ ನಿಂತಾಗ ಎಳೆದು ನೋಡಿದರೆ ಬೇರೇ ಇರುವುದಿಲ್ಲ. ಕಟ್ಟಡದ ಪಾಯದ ಬದಿಯಲ್ಲಿ ಬಿಲಗಳು ಹೆಚ್ಚಿದಂತೆ ಮಳೆಯ ನೀರು ಆ ದಾರಿಯಲ್ಲೇ ಇಳಿದು ಮಣ್ಣನ್ನು ಸಡಿಲಿಸುತ್ತದೆ. ಇದೆಲ್ಲಕ್ಕಿಂತ ಮುಖ್ಯವಾದದ್ದು ಆರೋಗ್ಯ. ಇಲಿಜ್ವರವನ್ನು ತರುವ ಬ್ಯಾಕ್ಟೀರಿಯಾ ಇಲಿ, ಹೆಗ್ಗಣಗಳ ಮೂತ್ರದಿಂದ ಒದ್ದೆಯಾದ ಮಣ್ಣಿಗೂ ನೀರಿಗೂ ಸೇರಿ, ಬರಿಗಾಲಿನಲ್ಲಿ ತೋಟದ ಕೆಲಸ ಮಾಡುವವರ ಸಣ್ಣ ಗಾಯದ ಮೂಲಕ ದೇಹವನ್ನು ಹೊಗಬಲ್ಲದು. ಮಕ್ಕಳು ಆಡುವ ಅಂಗಳದಲ್ಲಿ ಇಲಿಗಳ ಬಿಲಗಳಿರುವಾಗ, ಅವೂ ಬದುಕಿಕೊಳ್ಳಲಿ ಎಂದು ಸುಮ್ಮನಿರುವುದನ್ನು ದಯೆ ಎನ್ನಲಾಗದು.

ಬೋನಿಟ್ಟು ಹಿಡಿದರೆ ಸಾಲದೆ ಎಂದು ಕೇಳುವವರು ಈ ಪ್ರಾಣಿಗಳ ಸಂತಾನವೇಗವನ್ನು ಗಮನಿಸಬೇಕು. ಕಂದು ಇಲಿಯ ಗರ್ಭಾವಧಿ ಸುಮಾರು 3 ವಾರ. ಮರಿ ಹಾಕಿದ ಒಂದೆರಡು ದಿನಗಳೊಳಗೆ ಅದು ಮತ್ತೆ ಗರ್ಭ ಧರಿಸಬಲ್ಲದು, ಅದರ ಮರಿಗಳೋ ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕುವಷ್ಟು ಬೆಳೆದಿರುತ್ತವೆ. ವಾರಕ್ಕೊಂದೆರಡು ಇಲಿಯನ್ನು ಹಿಡಿಯುವ ಬೋನು ಈ ಲೆಕ್ಕದ ಮುಂದೆ ಹಿಂದೆ ಬೀಳುತ್ತದೆ. ನಾಫ್ತಲೀನ್ ಗುಳಿಗೆ ತುರುಕುವುದು, ಬಿಲಕ್ಕೆ ನೀರು ಹೊಯ್ಯುವುದು, ಕಿವಿಗೆ ಕೇಳಿಸದ ಸದ್ದು ಹೊರಡಿಸುವ ಯಂತ್ರ ನೆಡುವುದು ಮುಂತಾದ ಉಪಾಯಗಳಂತೂ ಹಣವನ್ನೂ ಹೊತ್ತನ್ನೂ ನುಂಗುತ್ತವೆಯೇ ಹೊರತು, ಹಲವು ಬಾಯಿಗಳಿರುವ ಬಿಲದೊಳಗಿನ ಪ್ರಾಣಿಯನ್ನು ನಿಜವಾಗಿ ಕದಲಿಸುವುದಿಲ್ಲ.

ವಿಷದ ಬಳಕೆಗೂ ಒಂದು ವಿವೇಕದ ಇತಿಹಾಸವಿದೆ. ಹಳೆಯ ಕಾಲದ ಪಾಷಾಣಗಳಲ್ಲಿ ಒಂದಾದ ಸತುವಿನ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ; ಸ್ವಲ್ಪವೇ ತಿಂದು ಬದುಕುಳಿದ ಇಲಿ ಮತ್ತೆ ಆ ತಿಂಡಿಯ ಹತ್ತಿರ ಸುಳಿಯುವುದಿಲ್ಲ. ಅದಕ್ಕಾಗಿಯೇ ಮೊದಲು ಕೆಲವು ದಿನ ವಿಷವಿಲ್ಲದ ಕಾಳನ್ನಿಟ್ಟು ನಂಬಿಕೆ ಹುಟ್ಟಿಸಬೇಕಾಗುತ್ತಿತ್ತು. ಕೊಳೆತ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದುದರ ಕಾರಣವನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಹುಡುಕುತ್ತ ಹೋದದ್ದರ ಫಲವಾಗಿ ವಾರ್ಫರಿನ್ ಸಿದ್ಧವಾಯಿತು. 1948ರಲ್ಲಿ ಇಲಿಮದ್ದಾಗಿ ಬಳಕೆಗೆ ಬಂದ ಇದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ನಂತರ ಕೊಲ್ಲುವುದರಿಂದ, ಯಾವ ತಿಂಡಿಯಿಂದ ತನಗೆ ಹೀಗಾಯಿತೆಂದು ಇಲಿಗೆ ತಿಳಿಯುವುದೇ ಇಲ್ಲ. ಮನುಷ್ಯರೋ ಸಾಕುಪ್ರಾಣಿಗಳೋ ಆಕಸ್ಮಿಕವಾಗಿ ತಿಂದರೂ ಬೇಗ ಗೊತ್ತಾದಲ್ಲಿ ವಿಟಮಿನ್ ಕೆ1 ಕೊಟ್ಟು ಉಳಿಸಿಕೊಳ್ಳಬಹುದು. ಇದೇ ವಾರ್ಫರಿನ್ 1954ರಿಂದ ಹೃದ್ರೋಗಿಗಳ ಔಷಧಿಯೂ ಆಗಿದೆ ಎಂಬುದನ್ನು ಮರೆಯಬಾರದು.

ವಿಷವೆಂದೊಡನೆ ಪರಿಸರದ ಶತ್ರು ಎಂದು ತೀರ್ಮಾನಿಸುವವರ ಮುಂದೆ ದಕ್ಷಿಣ ಸಾಗರದ ದ್ವೀಪಗಳನ್ನು ಇಡಬೇಕು. ಹಡಗುಗಳ ಮೂಲಕ ಬಂದಿಳಿದ ಇಲಿಗಳು ನೆಲದಲ್ಲಿ ಗೂಡು ಮಾಡುವ ಕಡಲಹಕ್ಕಿಗಳ ಮೊಟ್ಟೆ, ಮರಿಗಳನ್ನು ತಿಂದು ಅವುಗಳನ್ನು ಅಳಿವಿನ ಅಂಚಿಗೆ ತಂದಿದ್ದ ನ್ಯೂಜಿಲೆಂಡಿನ ಕ್ಯಾಂಪ್‌ಬೆಲ್ ದ್ವೀಪದಲ್ಲಿ 2001ರಲ್ಲಿ ಬ್ರೋಡಿಫಾಕಮ್ ಎಂಬ ಇಲಿವಿಷ ಬೆರೆಸಿದ ಆಮಿಷವನ್ನು ಹೆಲಿಕಾಪ್ಟರಿನಿಂದ ಚೆಲ್ಲಲಾಯಿತು. ಇಲಿಗಳು ನಿರ್ನಾಮವಾಗಿ ಹಕ್ಕಿಗಳು ಮರಳಿ ನೆಲೆಸಿದವು. ಇನ್ನೂ ಎಷ್ಟೋ ದೊಡ್ಡದಾದ ದಕ್ಷಿಣ ಜಾರ್ಜಿಯಾ ದ್ವೀಪವು 2018ರಲ್ಲಿ ಇಲಿಮುಕ್ತವೆಂದು ಘೋಷಿತವಾದದ್ದೂ ಇದೇ ಮಾರ್ಗದಿಂದ. ಬೋನುಗಳಿಂದ ಅದು ಎಂದಿಗೂ ಸಾಧ್ಯವಾಗುತ್ತಿರಲಿಲ್ಲ. ಬೀಗವಿರುವ ಪೆಟ್ಟಿಗೆಯೊಳಗೆ ಆಮಿಷವಿಟ್ಟು, ದಿನವೂ ಪರಿಶೀಲಿಸಿ, ಸತ್ತ ಇಲಿಗಳನ್ನು ಕೂಡಲೇ ಹುಗಿದು, ಹಾವಳಿ ತಗ್ಗಿದೊಡನೆ ಉಳಿದ ವಿಷವನ್ನು ತೆಗೆದುಬಿಡುವ ಶಿಸ್ತು ಇದ್ದಲ್ಲಿ ಹಿತ್ತಲಿನಲ್ಲಿಯೂ ವಿಷವನ್ನು ಜವಾಬ್ದಾರಿಯಿಂದ ಬಳಸಲು ಸಾಧ್ಯವಿದೆ.

ವಿರೋಧ

ಮೊದಲು ಕೇಳಬೇಕಾದದ್ದು ಬಿಲದೊಳಗೆ ಯಾರಿದ್ದಾರೆ ಎಂಬುದನ್ನು. ಮಣ್ಣಿನ ಗುಡ್ಡೆ ಕಂಡೊಡನೆ ಪಾಷಾಣ ತರುವವರು ಬಹಳ ಮಂದಿ, ಆದರೆ ಆ ಗುಡ್ಡೆಯನ್ನು ಎತ್ತಿದ್ದು ನೆಲದಡಿಯಲ್ಲಿ ಬದುಕುವ ಮೋಲ್ ಎಂಬ ಪ್ರಾಣಿ ಆಗಿದ್ದರೆ ವಿಷಕಾಳು ವ್ಯರ್ಥ. ಮೋಲ್ ದಂಶಕವೇ ಅಲ್ಲ. ಅದು ಎರೆಹುಳುಗಳನ್ನೂ ಮಣ್ಣಿನೊಳಗಿನ ಗೊಣ್ಣೆಹುಳುಗಳನ್ನೂ ತಿಂದು ಬದುಕುತ್ತದೆ, ಕಾಳನ್ನು ಮುಟ್ಟುವುದಿಲ್ಲ, ಬೇರನ್ನೂ ತಿನ್ನುವುದಿಲ್ಲ. ಇಲಿಯಂತೆ ಕಂಡರೂ ಇಲಿಯಲ್ಲದ, ಉದ್ದ ಮೂತಿಯ ಸೊಂಡಿಲಿಯ ಆಹಾರವೂ ಮುಖ್ಯವಾಗಿ ಕೀಟಗಳೇ. ಇಲಿ ಬಿಟ್ಟುಹೋದ ಬಿಲದಲ್ಲಿ ಕಪ್ಪೆ, ಹಾವುರಾಣಿ, ಇಲಿಗಳನ್ನೇ ತಿನ್ನುವ ಹಾವು ಸೇರಿಕೊಂಡಿರಬಹುದು. ಪರಪಕ್ಷ ಹೇಳುವ ಶಿಸ್ತು ಪೆಟ್ಟಿಗೆಗೆ ಬೀಗ ಹಾಕುವುದರಿಂದ ಮೊದಲಾಗುತ್ತದೆ. ನಿಜವಾಗಿ ಅದು ಮೊದಲಾಗಬೇಕಾದದ್ದು ಬಿಲದ ಬಾಯನ್ನು ಬಗ್ಗಿ ನೋಡುವುದರಿಂದ.

ವಿಷದ ಬಗ್ಗೆ ನನಗಿರುವ ಮುಖ್ಯ ಆಕ್ಷೇಪಣೆ ಅದು ಇಲಿಯನ್ನು ಕೊಲ್ಲುತ್ತದೆ ಎಂಬುದಲ್ಲ, ಇಲಿಯಲ್ಲಿ ನಿಲ್ಲುವುದಿಲ್ಲ ಎಂಬುದು. ವಾರ್ಫರಿನ್‌ಗೆ ಬಗ್ಗದ ಇಲಿಗಳು 1958ರಲ್ಲಿಯೇ ಸ್ಕಾಟ್ಲೆಂಡಿನಲ್ಲಿ ಕಾಣಿಸಿಕೊಂಡವು. ಅವನ್ನು ಮಣಿಸಲೆಂದು 1970ರ ದಶಕದಿಂದೀಚೆಗೆ ಬಂದ ಬ್ರೋಮಾಡಿಯೋಲೋನ್, ಬ್ರೋಡಿಫಾಕಮ್‌ನಂತಹ ಎರಡನೆಯ ತಲೆಮಾರಿನ ವಿಷಗಳು ಒಂದೇ ಊಟದಲ್ಲಿ ಮಾರಕವಾಗಬಲ್ಲವು, ಆದರೆ ಸಾವು ಬರುವುದು ಕೆಲವು ದಿನಗಳ ಮೇಲೆಯೇ. ಈ ನಡುವೆ ಇಲಿ ತಿನ್ನುವುದನ್ನು ನಿಲ್ಲಿಸುವುದಿಲ್ಲ. ಸಾಯಲು ಬೇಕಾದದ್ದಕ್ಕಿಂತ ಹೆಚ್ಚಿನ ವಿಷವನ್ನು ತನ್ನ ಯಕೃತ್ತಿನಲ್ಲಿ ತುಂಬಿಕೊಂಡು, ಮಂಕಾಗಿ, ಹಗಲಿನಲ್ಲೂ ಬಯಲಿಗೆ ಬಂದು ತೂರಾಡುತ್ತದೆ. ಗೂಬೆ, ಗಿಡುಗ, ಬೆಕ್ಕು, ಮುಂಗುಸಿಗಳಿಗೆ ಇದಕ್ಕಿಂತ ಸುಲಭದ ಬೇಟೆ ಇನ್ನೊಂದಿಲ್ಲ. ಬ್ರೋಡಿಫಾಕಮ್ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಇಂದು ಒಂದು, ಮುಂದಿನ ವಾರ ಇನ್ನೊಂದು ಎಂದು ಇಲಿ ತಿನ್ನುವ ಗೂಬೆಯ ದೇಹದಲ್ಲಿ ಅದು ಕೂಡುತ್ತಲೇ ಹೋಗುತ್ತದೆ. ಆಮಿಷದ ಪೆಟ್ಟಿಗೆಗೆ ಹಾಕಿದ ಬೀಗ ಇಲ್ಲಿ ಯಾವ ಉಪಯೋಗಕ್ಕೂ ಬಾರದು, ಏಕೆಂದರೆ ವಿಷ ಪೆಟ್ಟಿಗೆಯಿಂದ ಹೊರಹೋಗುವುದು ಇಲಿಯ ಹೊಟ್ಟೆಯಲ್ಲಿ. ಸತ್ತ ಇಲಿಗಳನ್ನು ಹುಗಿಯಬೇಕೆನ್ನುವುದೂ ಕಣ್ಣಿಗೆ ಬಿದ್ದವುಗಳಿಗಷ್ಟೇ ಅನ್ವಯಿಸುವ ಮಾತು.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಮೃಗಾಲಯದಿಂದ 2023ರಲ್ಲಿ ಹೊರಬಿದ್ದು ಒಂದು ವರ್ಷ ನಗರದಲ್ಲಿ ಸ್ವತಂತ್ರವಾಗಿ ಬದುಕಿದ ಫ್ಲ್ಯಾಕೋ ಎಂಬ ಯುರೇಷಿಯಾದ ಕೊಂಬಿನ ಗೂಬೆಯನ್ನು ಅನೇಕರು ಬಲ್ಲರು. 2024ರ ಫೆಬ್ರವರಿಯಲ್ಲಿ ಅದು ಕಟ್ಟಡವೊಂದಕ್ಕೆ ಬಡಿದು ಸತ್ತಿತೆಂದು ಮೊದಲು ತಿಳಿಯಲಾಗಿತ್ತು. ಮರಣೋತ್ತರ ಪರೀಕ್ಷೆ ನಡೆದಾಗ ಪಾರಿವಾಳಗಳಿಂದ ಬಂದ ವೈರಸ್ ಸೋಂಕಿನ ಜೊತೆಗೆ ನಾಲ್ಕು ಬಗೆಯ ಇಲಿವಿಷಗಳು ಅದರ ದೇಹದಲ್ಲಿ ಸಿಕ್ಕವು. ಬಡಿಯದೆ ಇದ್ದರೂ ಇವು ಅದನ್ನು ಬದುಕಗೊಡುತ್ತಿರಲಿಲ್ಲವೆಂದು ಪರೀಕ್ಷಿಸಿದವರು ಹೇಳಿದರು. ಆ ನಾಲ್ಕು ವಿಷಗಳನ್ನು ಇಟ್ಟವರಲ್ಲಿ ಯಾರೂ ಗೂಬೆಯನ್ನು ಕೊಲ್ಲಬೇಕೆಂದು ಬಯಸಿರಲಾರರು, ಮತ್ತು ತೊಂದರೆ ಇರುವುದು ಅಲ್ಲಿಯೇ. ವನ್ಯಜೀವಿಗಳಲ್ಲಿ ಇಂತಹ ವಿಷ ಮತ್ತೆ ಮತ್ತೆ ಕಂಡುಬಂದದ್ದರಿಂದಲೇ ಕ್ಯಾಲಿಫೋರ್ನಿಯಾ ರಾಜ್ಯವು 2021ರಿಂದ ಎರಡನೆಯ ತಲೆಮಾರಿನ ಈ ವಿಷಗಳ ಬಹುತೇಕ ಬಳಕೆಯನ್ನು ನಿಷೇಧಿಸಿತು.

ಬಿಲಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳ ಮಾತು ಇನ್ನೂ ಗಂಭೀರವಾದದ್ದು. ಮಣ್ಣಿನ ತೇವ ತಗುಲಿದೊಡನೆ ಇವು ಫಾಸ್ಫೀನ್ ಅನಿಲವನ್ನು ಬಿಡುತ್ತವೆ; ಆ ಅನಿಲಕ್ಕೆ ಪ್ರತ್ಯೌಷಧವಿಲ್ಲ. 2010ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಲೇಟನ್ ಎಂಬಲ್ಲಿ ಮನೆಯ ಪಕ್ಕದ ಬಿಲಗಳಿಗೆ ಹಾಕಿದ ಗುಳಿಗೆಗಳ ಅನಿಲ ಮನೆಯೊಳಗೆ ನುಗ್ಗಿ ಇಬ್ಬರು ಪುಟ್ಟ ಸಹೋದರಿಯರು ಪ್ರಾಣ ಕಳೆದುಕೊಂಡರು. ಗುಳಿಗೆಗಳನ್ನು ಹಾಕಿದ್ದು ಮನೆಯವರಲ್ಲ, ಅದೇ ವೃತ್ತಿಯವರು. ಆ ವರ್ಷವೇ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು ವಸತಿಗಳ ಸುತ್ತ ಈ ಗುಳಿಗೆಗಳ ಬಳಕೆಯನ್ನು ನಿಷೇಧಿಸಿತು. ಒಂದು ಗೆಡ್ಡೆಯ ಸಾಲನ್ನು ಉಳಿಸಿಕೊಳ್ಳಲು ಇಂತಹ ವಸ್ತುವನ್ನು ಮನೆಗೆ ತರುವುದನ್ನು ಯಾವ ಲೆಕ್ಕದಿಂದಲೂ ಸಮರ್ಥಿಸಲಾಗದು.

ದ್ವೀಪಗಳ ಉದಾಹರಣೆ ಬಲವಾದದ್ದೇ, ಆದರೆ ಅದು ಹಿತ್ತಲಿಗೆ ಹೊಂದುವುದಿಲ್ಲ. ಸುತ್ತ ಸಮುದ್ರವಿರುವಲ್ಲಿ ಕೊನೆಯ ಇಲಿ ಸತ್ತರೆ ಕೆಲಸ ಮುಗಿಯಿತು. ಅಲ್ಲಿಯೂ ವಿಷಕ್ಕೆ ಸಿಕ್ಕಿ ಸ್ಥಳೀಯ ಹಕ್ಕಿಗಳು ಸತ್ತವು. ಮುಂದಿನ ತಲೆಮಾರುಗಳು ಉಳಿಯುತ್ತವೆಂಬ ಖಾತ್ರಿಯಿಂದ, ಒಂದೇ ಬಾರಿಯ ಕಾರ್ಯವೆಂದು ಆ ನಷ್ಟವನ್ನು ಒಪ್ಪಿಕೊಳ್ಳಲಾಯಿತು. ಹಿತ್ತಲಿಗೆ ನಾಲ್ಕೂ ಕಡೆಯಿಂದ ದಾರಿ ತೆರೆದಿದೆ. ಇಲ್ಲಿನ ಇಲಿಗಳು ಸತ್ತರೆ ಖಾಲಿಯಾದ ಬಿಲಗಳಿಗೆ ನೆರೆಯ ಇಲಿಗಳು ಬರುತ್ತವೆ, ಉಳಿದವು ಹೆಚ್ಚಾಗಿ ಸಿಗುವ ಆಹಾರವನ್ನು ತಿಂದು ಹೆಚ್ಚು ಮರಿ ಹಾಕುತ್ತವೆ. ಪರಪಕ್ಷ ಹೇಳಿದ ಸಂತಾನವೇಗ ಬೋನನ್ನು ಸೋಲಿಸುವಂತೆಯೇ ವಿಷವನ್ನೂ ಸೋಲಿಸುತ್ತದೆ. ಗೂಬೆ, ಹಾವುಗಳಿಗಾದರೋ ಆ ವೇಗವಿಲ್ಲ. ಅವು ಒಮ್ಮೆ ಕಡಿಮೆಯಾದರೆ ಮತ್ತೆ ಹೆಚ್ಚಲು ವರ್ಷಗಳು ಬೇಕು. ಹೀಗಾಗಿ ಒಮ್ಮೆ ವಿಷವಿಟ್ಟವರು ಮತ್ತೆ ಮತ್ತೆ ಇಡಬೇಕಾದ ಸ್ಥಿತಿಗೆ ಬರುತ್ತಾರೆ.

ವಿಷ ಬೇಡವೆಂದರೆ ಕೈಕಟ್ಟಿ ಕುಳಿತುಕೊಳ್ಳಬೇಕೆಂದಲ್ಲ. ಇಲಿಗಳ ಸಂಖ್ಯೆಯನ್ನು ನಿರ್ಧರಿಸುವುದು ಆಹಾರ ಮತ್ತು ಅಡಗುದಾಣ. ಉದುರಿದ ಹಣ್ಣು, ಹಕ್ಕಿಗಳಿಗೆಂದು ಚೆಲ್ಲಿದ ಕಾಳು, ರಾತ್ರಿ ಹೊರಗೆ ಉಳಿಯುವ ಸಾಕುಪ್ರಾಣಿಗಳ ಊಟ, ಬೇಯಿಸಿದ ಪದಾರ್ಥ ಬೀಳುವ ಗೊಬ್ಬರದ ಗುಂಡಿ, ಗೋಡೆಗೆ ಒತ್ತಿ ಪೇರಿಸಿದ ಸೌದೆ ಇವುಗಳನ್ನು ಸರಿಪಡಿಸದೆ ಯಾವ ಉಪಾಯ ಮಾಡಿದರೂ ನಿಲ್ಲುವುದಿಲ್ಲ. ತರಕಾರಿ ಮಡಿಯ ತಳಕ್ಕೆ ಸುಮಾರು 12 ಮಿಲಿಮೀಟರ್ ಕಣ್ಣಿನ ಗಟ್ಟಿ ತಂತಿಜಾಲರಿಯನ್ನು ಹಾಸಿ ಮೇಲೆ ಮಣ್ಣು ತುಂಬಿದರೆ ಹೆಗ್ಗಣ, ಗೋಫರ್‌ಗಳು ಕೆಳಗಿನಿಂದ ಬರಲಾರವು. ಮನೆಯ ಚಿಕ್ಕ ಇಲಿಗಳ ಕಾಟವಿದ್ದಲ್ಲಿ 6 ಮಿಲಿಮೀಟರ್ ಕಣ್ಣಿನದೇ ಬೇಕು. ಪಾಯದ ಗೋಡೆಯುದ್ದಕ್ಕೂ ಜಾಲರಿಯನ್ನು ಒಂದಡಿ ಆಳಕ್ಕೆ ಇಳಿಸಿ, ತುದಿಯನ್ನು ಇನ್ನೊಂದಡಿ ಹೊರಕ್ಕೆ ಮಡಚಿ ಹೂತರೆ ಗೋಡೆಗಂಟಿಕೊಂಡು ತೋಡಲು ಬಂದ ಇಲಿ ಆ ಮಡಿಕೆಯ ಮೇಲೆಯೇ ನಿಂತು ತೋಡಿ ಸೋಲುತ್ತದೆ. ಇದಕ್ಕೆ ಒಂದು ಸಲ ಶ್ರಮವೂ ಖರ್ಚೂ ಹೆಚ್ಚು ಎಂಬುದನ್ನು ಒಪ್ಪುತ್ತೇನೆ, ಆದರೆ ಅದು ಒಂದು ಸಲದ್ದು.

ಅಷ್ಟಾದ ಮೇಲೂ ಉಳಿದವುಗಳನ್ನು ಕೊಲ್ಲಲೇಬೇಕಾದೀತು, ಇಲಿಜ್ವರದ ಭಯ ಸುಳ್ಳಲ್ಲ. ಎಲ್ಲ ಬಿಲಗಳ ಬಾಯನ್ನೂ ಸಂಜೆ ಮಣ್ಣಿನಿಂದ ಸಡಿಲವಾಗಿ ಮುಚ್ಚಿ, ಮರುದಿನ ತೆರೆದುಕೊಂಡವು ಯಾವುವೆಂದು ನೋಡಿದರೆ ವಾಸವಿರುವ ಬಿಲಗಳು ಗುರುತು ಸಿಗುತ್ತವೆ. ಅವುಗಳಿಂದ ಹೊರಡುವ ದಾರಿಯಲ್ಲಿ, ಗೋಡೆಗೆ ಲಂಬವಾಗಿ, ಆಮಿಷದ ತುದಿ ಗೋಡೆಯ ಕಡೆಗಿರುವಂತೆ, ಹಕ್ಕಿಗಳೂ ಮಕ್ಕಳೂ ಕೈಹಾಕಲಾಗದ ಪೆಟ್ಟಿಗೆಯೊಳಗೆ ಬಲವಾದ ಇಲಿಕತ್ತರಿಯನ್ನು ಇಡಬೇಕು. ಇಲಿಗಳು ಹೊಸ ವಸ್ತುವಿಗೆ ಅಂಜುವುದರಿಂದ ಮೊದಲ ಕೆಲವು ದಿನ ಕತ್ತರಿಯನ್ನು ಎಳೆದು ಕಟ್ಟದೆ ಆಮಿಷವನ್ನಷ್ಟೇ ಇಟ್ಟು, ಅವು ನಿರ್ಭಯವಾಗಿ ತಿನ್ನತೊಡಗಿದ ಮೇಲೆ ಒಂದೇ ರಾತ್ರಿ ಹಲವು ಕತ್ತರಿಗಳನ್ನು ಹೂಡುವುದು ಒಂದೊಂದಾಗಿ ಹೂಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಬೆಳಿಗ್ಗೆ ಕೈಗವಸು ಹಾಕಿಕೊಂಡು ಸತ್ತವುಗಳನ್ನು ಆಳವಾಗಿ ಹುಗಿಯಬೇಕು. ಅವನ್ನು ನಾಯಿಯೋ ಹದ್ದೋ ಕೆದಕಿ ತಿಂದರೂ ಅವುಗಳಿಗೆ ಇಲಿವಿಷ ಏರುವ ಭಯವಿರುವುದಿಲ್ಲ.