ಡಾರ್ವಿನ್ ಹೇಳಿದ್ದು ಸುಳ್ಳು, ಆದರೆ ಮೊದಲು ಹೇಳಿದ್ದು ನಾವೇ

ಜೀವವಿಕಾಸದ ಬಗ್ಗೆ ನಮ್ಮ ದೇಶದಲ್ಲಿ ಗಟ್ಟಿಯಾಗಿ ಕೇಳಿಸುವ ವಾದ ಎರಡು. ಒಂದು, ಡಾರ್ವಿನ್ ಹೇಳಿದ್ದೆಲ್ಲ ಶುದ್ಧ ಸುಳ್ಳು. ಇನ್ನೊಂದು, ಅದನ್ನೆಲ್ಲ ನಮ್ಮ ಋಷಿಗಳು ಅವನು ಹುಟ್ಟುವ ಸಾವಿರಾರು ವರ್ಷ ಮುಂಚೆಯೇ ಹೇಳಿ ಮುಗಿಸಿದ್ದರು. ಎರಡು ಬೇರೆ ಬೇರೆ ಗುಂಪು ಹೀಗೆ ಜಗಳ ಆಡುತ್ತಿದ್ದರೆ ಬಿಡಿ, ಒಂದು ಕಡೆ ಕೂತು ನೋಡಬಹುದಿತ್ತು. ತಮಾಷೆ ಏನಂದ್ರೆ ಎರಡಕ್ಕೂ ಚಪ್ಪಾಳೆ ತಟ್ಟೋದು ಒಂದೇ ಜನ. ಒಂದು ಸುಳ್ಳನ್ನು ಮೊದಲು ಹೇಳಿದ ಕೀರ್ತಿ ನಮಗೇ ಸಲ್ಲಬೇಕು ಅಂತ ಹಟ ಹಿಡಿದವರನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್, ಅಂದರೆ ದೇಶದ ಉನ್ನತ ಶಿಕ್ಷಣ ನೋಡಿಕೊಳ್ಳಬೇಕಾದವರು, ಡಾರ್ವಿನ್ ಸಿದ್ಧಾಂತ ವೈಜ್ಞಾನಿಕವಾಗಿಯೇ ತಪ್ಪು ಅಂತ ತೀರ್ಪು ಕೊಟ್ಟರು. ಕಾರಣ ಬಹಳ ಸರಳ. ಮಂಗ ಮನುಷ್ಯನಾಗಿದ್ದನ್ನು ಕಂಡೆ ಅಂತ ನಮ್ಮ ಪೂರ್ವಜರು ಯಾರೂ ಬರೆದಿಟ್ಟಿಲ್ಲ, ಬಾಯಿಮಾತಲ್ಲೂ ಹೇಳಿಲ್ಲ. ಹಾಗಾಗಿ ಶಾಲೆ ಕಾಲೇಜಿನ ಪಠ್ಯ ಬದಲಾಗಬೇಕು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಿಗೆ ಕೂತು, ಸ್ವಾಮಿ, ಈ ಮಾತಿಗೆ ಆಧಾರ ಇಲ್ಲ ಅಂತ ಹೇಳಿಕೆ ಹೊರಡಿಸಬೇಕಾಯಿತು. ಪಾಪ, ಅವರಿಗೂ ಬೇರೆ ಕೆಲಸ ಇರುತ್ತೆ.

ನನಗೆ ಜಾಸ್ತಿ ಹಿಡಿಸಿದ್ದು ಅವರು ಸಾಕ್ಷಿ ಕೇಳಿದ ರೀತಿ. ರಾಜಕೀಯಕ್ಕೆ ಬರುವ ಮೊದಲು ಅವರು ಮುಂಬೈಯ ಪೊಲೀಸ್ ಕಮಿಷನರ್ ಆಗಿದ್ದವರು. ಕಣ್ಣಾರೆ ಕಂಡವರು ಇಲ್ಲದಿದ್ದರೆ ಅಪರಾಧವೇ ನಡೆದಿಲ್ಲ ಅನ್ನೋ ನಿಯಮ ಠಾಣೆಗಳಲ್ಲೂ ಇದ್ದಿದ್ದರೆ ಆ ಊರಿನ ಕಳ್ಳರೆಲ್ಲ ಅವರ ಫೋಟೋ ಇಟ್ಟು ದಿನಾ ಮಂಗಳಾರತಿ ಎತ್ತುತ್ತಿದ್ದರು. ಕಳ್ಳ ಬಂದು ಹೋದದ್ದನ್ನು ಯಾರೂ ನೋಡಿರಲ್ಲ, ಆದರೆ ಬೀರುವಿನ ಮೇಲೆ ಬೆರಳಚ್ಚು ಇರುತ್ತೆ. ಇಲ್ಲೂ ಇದೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಮೂರಕ್ಕೂ 24 ಜೊತೆ ಕ್ರೋಮೋಸೋಮ್, ಅಂದರೆ ಜೀವಕೋಶದೊಳಗೆ ಡಿಎನ್‌ಎ ಸುತ್ತಿಟ್ಟ ಎಳೆಗಳು. ನಮಗೆ 23. ಎಲ್ಲರೂ ಒಂದೇ ಮನೆತನದವರು ಅನ್ನೋದಾದರೆ ನಮ್ಮದೊಂದು ಜೊತೆ ಎಲ್ಲಿ ಹೋಯ್ತು? ಹುಡುಕಿದರು. ನಮ್ಮ ಎರಡನೇ ನಂಬರಿನ ಕ್ರೋಮೋಸೋಮಿನಲ್ಲೇ ಸಿಕ್ಕಿತು. ಹಳೆಯ ಎರಡು ತುದಿಗೆ ತುದಿ ಅಂಟಿಕೊಂಡು ಒಂದಾಗಿವೆ. ತುದಿಯಲ್ಲಿ ಇರಬೇಕಾದ ಡಿಎನ್‌ಎ ಸಾಲು ನಟ್ಟನಡುವೆ ಕೂತಿದೆ. ಕ್ರೋಮೋಸೋಮಿನ ಸೊಂಟದಂಥ ಭಾಗಕ್ಕೆ ಸೆಂಟ್ರೋಮಿಯರ್ ಅಂತಾರೆ, ಅದು ಒಂದೇ ಇರಬೇಕಾದ ಕಡೆ ಇನ್ನೊಂದರ ಪಳೆಯುಳಿಕೆಯೂ ಇದೆ. ಪ್ರತ್ಯಕ್ಷದರ್ಶಿ ಇಲ್ಲ ಅಂತ ಸಚಿವರು ಭಾಷಣ ಮಾಡುತ್ತಿದ್ದಾಗ ಮಾಲು ಅವರ ಮೈಯಲ್ಲೇ ಇತ್ತು, ಅದೂ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ.

ಅಂದಹಾಗೆ, ಇವತ್ತಿನ ಮಂಗ ಒಂದು ದಿನ ಎದ್ದು ನಿಂತು ಮನುಷ್ಯನಾಯಿತು ಅಂತ ಡಾರ್ವಿನ್ ಎಲ್ಲೂ ಹೇಳಿಲ್ಲ. ನಮಗೂ ಚಿಂಪಾಂಜಿಗೂ ಮೂಲಪುರುಷ ಒಬ್ಬನೇ, ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಮನೆ ಪಾಲಾಯಿತು, ಅಷ್ಟೇ. ಚಿಂಪಾಂಜಿ ನಮಗೆ ತಾತ ಅಲ್ಲ, ದಾಯಾದಿ. ಹೆಸರು ಎತ್ತಿದರೇ ನಮ್ಮವರು ಇಷ್ಟು ಉರಿದು ಬೀಳೋದಕ್ಕೆ ಅದೇ ಕಾರಣ ಇರಬಹುದು.

ಸರಿ, ಸುಳ್ಳು ಅಂತ ಆಯಿತಲ್ಲ. ಸರಿಯಾಗಿ ಒಂದು ವರ್ಷಕ್ಕೆ, 2019ರ ಜನವರಿಯಲ್ಲಿ, ಜಲಂಧರ್‌ನಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ ನಡೆಯಿತು. ಅಲ್ಲಿ ಆಂಧ್ರ ವಿಶ್ವವಿದ್ಯಾಲಯದ ಆಗಿನ ಕುಲಪತಿಗಳು ಡಾರ್ವಿನ್‌ಗಿಂತ ನಮ್ಮ ದಶಾವತಾರವೇ ಒಳ್ಳೆಯ ಸಿದ್ಧಾಂತ ಅಂದರು. ಅದೇ ಭಾಷಣದಲ್ಲಿ ಕೌರವರು ಪ್ರನಾಳ ಶಿಶುಗಳೂ ಆದರು, ರಾವಣನಿಗೆ 24 ಬಗೆಯ ವಿಮಾನಗಳೂ ಸಿಕ್ಕವು. ಅತ್ತ ಡಾರ್ವಿನ್ ಸುಮ್ನೆ ಐದು ವರ್ಷ ಹಡಗಿನಲ್ಲಿ ವಾಂತಿ ಮಾಡಿಕೊಂಡು ಲೋಕ ಸುತ್ತಿದ, ಎಂಟು ವರ್ಷ ಬಂಡೆಗೆ ಅಂಟುವ ಬಾರ್ನಕಲ್ ಅನ್ನೋ ಚಿಪ್ಪುಜೀವಿ ಕೊಯ್ದು ಕೊಯ್ದು ನೋಡಿದ. ಇಲ್ಲಿಗೆ ಬಂದು ಒಂದು ಹರಿಕಥೆ ಕೇಳಿದ್ದರೆ ಅಷ್ಟೆಲ್ಲ ಕಷ್ಟವೇ ಇರಲಿಲ್ಲ.

ದಶಾವತಾರದ ಮೇಲೆ ನನ್ನ ತಕರಾರೇನಿಲ್ಲ. ಸೊಗಸಾದ ಕಥೆ, ಆಟವಾಗಿ ನೋಡಿದರೆ ಇನ್ನೂ ಸೊಗಸು. ಪ್ರಶ್ನೆ ಇರೋದು ಕುಲಪತಿಗಳಿಗೆ. ಮೊದಲು ನೀರಿನ ಮೀನು, ಆಮೇಲೆ ನೀರು ನೆಲ ಎರಡೂ ಬಲ್ಲ ಆಮೆ, ಆಮೇಲೆ ನೆಲದ ಹಂದಿ, ಇಲ್ಲಿವರೆಗೂ ತಲೆದೂಗೋಣ. ಮುಂದಿನದು ಸಿಂಹದ ತಲೆ, ಮನುಷ್ಯನ ಮೈ. ಅಂದರೆ ವಿಕಾಸ ಕಾಲಿನಿಂದ ಶುರುವಾಗಿ ತಲೆಗೆ ಬರುವಷ್ಟರಲ್ಲಿ ಸುಸ್ತಾಯಿತು ಅಂತಾಯ್ತು. ಕೆಲವು ವೇದಿಕೆಗಳನ್ನು ನೋಡಿದರೆ ಇದಕ್ಕೆ ಸಾಕ್ಷಿ ಸಿಗುತ್ತೆ, ಒಪ್ಪಿಕೊಳ್ಳಬೇಕು. ಹಕ್ಕಿಗಳು ಎಲ್ಲಿ? ಗಿಡಮರ ಎಲ್ಲಿ? ಇಲ್ಲಿವರೆಗೆ ಹೆಸರಿಟ್ಟು ದಾಖಲಿಸಿದ ದುಂಬಿ ಜಾತಿಯ ಕೀಟಗಳೇ ಸುಮಾರು 4 ಲಕ್ಷ ಬಗೆ ಇವೆ, ಅವುಗಳ ಪರವಾಗಿ ಒಂದಾದರೂ ಅವತಾರ ಬೇಡವೇ? ಸೃಷ್ಟಿಕರ್ತನಿಗೆ ದುಂಬಿಗಳ ಮೇಲೆ ವಿಪರೀತ ಮೋಹ ಇರಬೇಕು ಅಂತ ಬ್ರಿಟನ್ನಿನ ಜೀವವಿಜ್ಞಾನಿ ಹಾಲ್ಡೇನ್ ಹೇಳಿದ್ದಾಗಿ ಒಂದು ಮಾತು ಚಾಲ್ತಿಯಲ್ಲಿದೆ. ಆ ಹಾಲ್ಡೇನ್ ಕೊನೆಗಾಲದಲ್ಲಿ ಭಾರತದ ಪೌರನಾಗಿ ಭುವನೇಶ್ವರದಲ್ಲೇ 1964ರಲ್ಲಿ ತೀರಿಕೊಂಡವನು. ಹಾಗಾಗಿ ಪರದೇಶಿ ಅಂತ ತಳ್ಳಿಹಾಕುವಂತಿಲ್ಲ.

ಇನ್ನು ಪರಶುರಾಮ. ಅವನು ಆರನೆಯವನು, ರಾಮ ಏಳನೆಯವನು. ಆದರೆ ರಾಮ ಬಂದ ಅಂತ ಪರಶುರಾಮ ಜಾಗ ಖಾಲಿ ಮಾಡಲಿಲ್ಲ. ರಾಮನ ಎದುರಿಗೇ ಬಂದು ನಿಂತ, ಮುಂದೆ ಮಹಾಭಾರತದಲ್ಲಿ ಕರ್ಣನಿಗೆ ಅಸ್ತ್ರ ಕಲಿಸಿದ, ಶಾಪವನ್ನೂ ಕೊಟ್ಟ, ಚಿರಂಜೀವಿ ಬೇರೆ. ಮಂಗನಿಂದ ಮನುಷ್ಯ ಬಂದಿದ್ದರೆ ಮಂಗಗಳು ಇನ್ನೂ ಯಾಕೆ ಇವೆ ಅಂತ ಜಾಣತನದಿಂದ ಕೇಳುವವರು, ಈ ಸಿದ್ಧಾಂತವನ್ನು ಒಪ್ಪುವುದೇ ಆದರೆ, ಪರಶುರಾಮ ಇನ್ನೂ ಯಾಕೆ ಇದ್ದಾನೆ ಅಂತ ಮೊದಲು ವಿಚಾರಿಸಬೇಕಲ್ವಾ?

ಇದಕ್ಕಿಂತ ಮಜಾ ಇರೋದು ಇಸವಿಗಳಲ್ಲಿ. ಶಂಕರ, ರಾಮಾನುಜ, ಮಧ್ವ ಮೂವರೂ ಪುರಾಣಗಳನ್ನು ಅರೆದು ಕುಡಿದವರು. ಒಬ್ಬರಿಗೂ ದಶಾವತಾರದಲ್ಲಿ ಜೀವವಿಕಾಸ ಕಾಣಲಿಲ್ಲ. ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ. ಈ ಹೋಲಿಕೆಯನ್ನು ಥಿಯೊಸಾಫಿಕಲ್ ಸೊಸೈಟಿ ಕಟ್ಟಿದವರಲ್ಲಿ ಒಬ್ಬಳಾದ ಬ್ಲಾವಟ್‌ಸ್ಕಿ ಅಚ್ಚು ಹಾಕಿಸಿದ್ದು 1877ರಲ್ಲಿ, ಬ್ರಹ್ಮಸಮಾಜದ ಕೇಶವಚಂದ್ರ ಸೇನ್ ಹೇಳಿದ್ದು 1882ರಲ್ಲಿ. ಡಾರ್ವಿನ್‌ಗಿಂತ ಮೊದಲೇ ನಾವು ಹೇಳಿದ್ದೆವು ಅನ್ನೋದು ನಮಗೆ ಹೊಳೆದದ್ದೇ ಡಾರ್ವಿನ್ ಹೇಳಿದ ಮೇಲೆ.

ಹೊರಗಿನವರೇನು ಕಮ್ಮಿ ಅಂದುಕೊಳ್ಳಬೇಡಿ. ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ 1650ರಲ್ಲಿ ಬೈಬಲ್ಲಿನ ವಂಶಾವಳಿ ಕೂಡಿಸಿ ಕಳೆದು, ಲೋಕ ಹುಟ್ಟಿದ್ದು ಕ್ರಿಸ್ತಪೂರ್ವ 4004ರ ಅಕ್ಟೋಬರ್ ತಿಂಗಳಲ್ಲಿ ಅಂತ ಲೆಕ್ಕ ಒಪ್ಪಿಸಿದ. ಅವನನ್ನು ನಾನು ಆಡಿಕೊಳ್ಳಲ್ಲ, ಅವನ ಕಾಲಕ್ಕೆ ಬೇರೆ ಸಾಧನ ಇರಲಿಲ್ಲ, ಲೆಕ್ಕವನ್ನಾದರೂ ಶ್ರದ್ಧೆಯಿಂದ ಮಾಡಿದ. ಆಡಿಕೊಳ್ಳಬೇಕಾದ್ದು ಇವತ್ತಿಗೂ ಭೂಮಿಗೆ ಆರು ಸಾವಿರ ವರ್ಷ ಅಂತ ಜಿಪಿಎಸ್ ಹಾಕಿಕೊಂಡ ಕಾರಿನಲ್ಲಿ ಬಂದು ಭಾಷಣ ಮಾಡುವವರನ್ನು. ಅಮೆರಿಕದ ಟೆನೆಸಿ ರಾಜ್ಯ 1925ರಲ್ಲಿ, ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದ ಅಂತ ಶಾಲೆಯಲ್ಲಿ ಹೇಳಿಕೊಡೋದೇ ಅಪರಾಧ ಅಂತ ಕಾನೂನು ಮಾಡಿತು. ಅದೇ ಸರ್ಕಾರ ಶಾಲೆಗಳಿಗೆ ಗೊತ್ತುಮಾಡಿದ್ದ ಜೀವಶಾಸ್ತ್ರದ ಪುಸ್ತಕದಲ್ಲಿ ಜೀವವಿಕಾಸ ಇತ್ತು. ಅಂದರೆ ಪುಸ್ತಕ ಬಿಟ್ಟರೆ ತಪ್ಪು, ಓದಿಸಿದರೆ ಜೈಲಲ್ಲದಿದ್ದರೂ ದಂಡ. ಸ್ಕೋಪ್ಸ್ ಅನ್ನೋ ಮೇಷ್ಟರಿಗೆ 100 ಡಾಲರ್ ದಂಡ ಬಿತ್ತು. ಮೇಲಿನ ಕೋರ್ಟಿನಲ್ಲಿ ಅದು ರದ್ದಾಯಿತು, ಆದರೆ ಡಾರ್ವಿನ್ ಸರಿ ಅಂತಲ್ಲ. 50 ಡಾಲರ್ ಮೀರಿದ ದಂಡವನ್ನು ಜ್ಯೂರಿ ಹಾಕಬೇಕಿತ್ತು, ಜಡ್ಜ್ ಹಾಕಿಬಿಟ್ಟಿದ್ದರು, ಅದಕ್ಕೆ. ವಿಚಾರಣೆ ನಡೆದ ಡೇಟನ್ ಊರಿಗೆ ಆಗ ಸೂಟು ತೊಟ್ಟ ಒಂದು ಚಿಂಪಾಂಜಿಯನ್ನೂ ಕರೆತಂದಿದ್ದರು. ಇಡೀ ಊರಿನಲ್ಲಿ ಗಂಭೀರವಾಗಿ ಇದ್ದದ್ದು ಅದೊಂದೇ ಅನ್ನೋದು ನನ್ನ ಗುಮಾನಿ.

ಟರ್ಕಿಯ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಒಬ್ಬ ಧರ್ಮಪ್ರಚಾರಕ ಡಾರ್ವಿನ್ ವಿರುದ್ಧ ಒಂದು ದಪ್ಪನೆಯ, ಹೊಳಪು ಕಾಗದದ, ಎತ್ತಿದರೆ ಕೈ ನೋಯುವಂಥ ಪುಸ್ತಕ ಅಚ್ಚು ಹಾಕಿಸಿ ಯುರೋಪು, ಅಮೆರಿಕದ ಶಾಲೆಗಳಿಗೂ ವಿಜ್ಞಾನಿಗಳಿಗೂ ಪುಗಸಟ್ಟೆ ಕಳಿಸಿದ. ಪುಟಪುಟದಲ್ಲೂ ಒಂದೇ ವಾದ. ಈ ಕಡೆ ಕೋಟ್ಯಂತರ ವರ್ಷ ಹಳೆಯ ಪಳೆಯುಳಿಕೆ, ಆ ಕಡೆ ಇವತ್ತು ಬದುಕಿರುವ ಅದೇ ಜೀವಿಯ ಬಣ್ಣದ ಚಿತ್ರ, ನೋಡಿ, ಚೂರೂ ಬದಲಾಗಿಲ್ಲ! ಅದರಲ್ಲಿ ಒಂದು ಹುಳ ಇದೆ. ರೆಕ್ಕೆ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಹೊಟ್ಟೆಯ ಕೆಳಗಿನಿಂದ ಬಾಗಿದ ಉಕ್ಕಿನ ಕೊಕ್ಕೆ ಹೊರಗೆ ಬಂದಿದೆ. ಯಾಕಂದ್ರೆ ಅದು ಹುಳ ಅಲ್ಲ, ಮೀನು ಹಿಡಿಯೋರು ಗಾಳಕ್ಕೆ ಮಾಡಿಕೊಳ್ಳುವ ನಕಲಿ ಹುಳ. ಸೃಷ್ಟಿಕರ್ತನ ಕೈಚಳಕಕ್ಕೆ ಸಾಕ್ಷಿಯಾಗಿ ನಿಂತದ್ದು ಯಾವನೋ ಮೀನುಗಾರ ಕೂತು ದಾರ ಸುತ್ತಿದ ಗಾಳ. ಮೀನು ಕಚ್ಚಿದರೆ ಅರ್ಥವಾಗುತ್ತೆ, ಅದಕ್ಕೆ ಓದು ಬರಲ್ಲ. ಆ ದೇಶ 2017ರಲ್ಲಿ ಹೈಸ್ಕೂಲು ಪಠ್ಯದಿಂದ ಜೀವವಿಕಾಸದ ಪಾಠ ತೆಗೆಯುವ ನಿರ್ಧಾರ ಮಾಡಿತು. ಮಕ್ಕಳಿಗೆ ಅರ್ಥವಾಗಲ್ಲವಂತೆ.

ಅಮೆರಿಕದ ಕೆಂಟಕಿಯಲ್ಲಿ 2016ರಲ್ಲಿ ಬೈಬಲ್ಲಿನ ಅಳತೆಯಂತೆ 510 ಅಡಿ ಉದ್ದದ ನೋವನ ನಾವೆ ಕಟ್ಟಿ ಟಿಕೆಟ್ ಇಟ್ಟಿದ್ದಾರೆ, ಒಳಗೆ ಪಂಜರದಲ್ಲಿ ಡೈನೋಸಾರ್ ಮರಿಗಳ ಗೊಂಬೆಯೂ ಉಂಟು. ಜಗತ್ಪ್ರಳಯವನ್ನೇ ದಾಟಿದ ನಾವೆ. ಜೋರು ಮಳೆಗೆ ಅದರ ಪಕ್ಕದ ರಸ್ತೆ ಕುಸಿದು, 2019ರಲ್ಲಿ ಮಾಲೀಕರು ಪರಿಹಾರಕ್ಕಾಗಿ ವಿಮಾ ಕಂಪನಿಗಳ ಮೇಲೆ ಕೇಸು ಹಾಕಿದರು. ನಾವೆಗೆ ಏನೂ ಆಗಿಲ್ಲ, ಅದನ್ನೂ ಹೇಳಿಬಿಡಬೇಕು.

ಇದೆಲ್ಲದರಲ್ಲಿ ಗ್ರಂಥಗಳ ತಪ್ಪು ಕಮ್ಮಿ. ಋಗ್ವೇದದ ಹತ್ತನೇ ಮಂಡಲದ 129ನೇ ಸೂಕ್ತ ಸೃಷ್ಟಿ ಎಲ್ಲಿಂದ ಬಂತು ಅಂತ ಕೇಳುತ್ತಾ ಹೋಗಿ, ಮೇಲಿನ ಲೋಕದಿಂದ ಇದನ್ನೆಲ್ಲ ನೋಡುತ್ತಿರುವವನಿಗೆ ಗೊತ್ತಿರಬಹುದು, ಇಲ್ಲಾ ಅವನಿಗೂ ಗೊತ್ತಿಲ್ಲದಿರಬಹುದು ಅಂತ ನಿಲ್ಲಿಸುತ್ತೆ. ದೇವರಿಗೇ ಗೊತ್ತಿಲ್ಲದಿರಬಹುದು ಅನ್ನುವ ಧೈರ್ಯ ಆ ಕವಿಗೆ ಇತ್ತು. ಅವನ ಹೆಸರಲ್ಲಿ ಮೈಕು ಹಿಡಿದವರಿಗೆ ಎಲ್ಲವೂ ಗೊತ್ತು, ತಾವು ಹಿಡಿದ ಮೊಲಕ್ಕೆ ಮೂರೇ ಕಾಲು, ನಾಲ್ಕನೇ ಕಾಲು ತೋರಿಸಿದವನು ಧರ್ಮದ್ರೋಹಿ. ಗೆಲಿಲಿಯೋನನ್ನು ಕಾಡಿದ ಚರ್ಚಿನ ಪೋಪ್ ಎರಡನೇ ಜಾನ್ ಪಾಲ್ ಕೂಡ 1996ರಲ್ಲಿ, ವಿಕಾಸವಾದ ಬರೀ ಊಹೆಯಲ್ಲ, ಅದಕ್ಕಿಂತ ಹೆಚ್ಚಿನದು ಅಂತ ಒಪ್ಪಿದರು. ಆಕಾಶವೇನೂ ಕಳಚಿ ಬೀಳಲಿಲ್ಲ, ಚರ್ಚುಗಳಲ್ಲಿ ಮುಂದಿನ ಭಾನುವಾರವೂ ಗಂಟೆ ಹೊಡೆಯಿತು.

ನಮ್ಮಲ್ಲಿ ಇಷ್ಟೆಲ್ಲ ಒದ್ದಾಟಕ್ಕೆ 2023ರಲ್ಲಿ ಶಾಲಾ ಪಠ್ಯಪುಸ್ತಕ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಒಂದು ಸುಲಭದ ದಾರಿ ಕಂಡುಕೊಂಡಿತು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆ ಮತ್ತು ಜೀವವಿಕಾಸ ಅಂತ ಇದ್ದ ಪಾಠದಿಂದ ಜೀವವಿಕಾಸವನ್ನೇ ಕತ್ತರಿಸಿತು. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ಇಳಿಸೋಕೆ ಅಂತ ಕಾರಣ. ವೈರಸ್ಸು ಡೆಲ್ಟಾ, ಒಮೈಕ್ರಾನ್ ಅಂತ ತಿಂಗಳು ತಿಂಗಳಿಗೂ ರೂಪ ಬದಲಿಸಿ ಮನೆಮನೆಗೂ ಬಂದು ಜೀವವಿಕಾಸದ ಪ್ರಾಕ್ಟಿಕಲ್ ಮಾಡಿ ತೋರಿಸಿದ ಮೇಲೆ ಪಠ್ಯದಲ್ಲಿ ಯಾಕೆ ಅಂದುಕೊಂಡರೋ ಏನೋ. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಬೇಡ ಅಂತ ಪತ್ರ ಬರೆದರು. ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ ಅಂತ ಉತ್ತರ ಬಂತು. ಅಂದರೆ ಜೀವಶಾಸ್ತ್ರ ತಗೊಂಡವರಿಗೆ ಸಿಗುತ್ತೆ. ಕಾಮರ್ಸ್, ಆರ್ಟ್ಸ್ ತಗೊಳ್ಳುವ ಮಕ್ಕಳು ತಾವು ಎಲ್ಲಿಂದ ಬಂದೆವು ಅಂತ ಮನೆಯಲ್ಲೇ ವಿಚಾರಿಸಿಕೊಳ್ಳಬೇಕು.

ಆದರೆ ಕತ್ತರಿ ಹಾಕಿದವರು ಒಂದು ವಿಷಯ ಯೋಚಿಸಿದಂತಿಲ್ಲ. ಇನ್ನು ಹತ್ತು ವರ್ಷ ಬಿಟ್ಟು ಈ ಮಕ್ಕಳ ಮುಂದೆ ಯಾರೋ ಒಬ್ಬ ಕುಲಪತಿ ಎದೆಯುಬ್ಬಿಸಿ ನಿಂತು, ಡಾರ್ವಿನ್‌ಗಿಂತ ಸಾವಿರಾರು ವರ್ಷ ಮೊದಲೇ ನಾವು ಹೇಳಿದ್ದೆವು ಅಂತ ಗುಡುಗುತ್ತಾರೆ. ಸಭೆಯಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲ್ಲ. ಡಾರ್ವಿನ್ ಅಂದರೆ ಯಾರು ಸಾರ್, ಅವರು ಏನು ಹೇಳಿದ್ದರು ಅಂತ ಹಿಂದಿನ ಸಾಲಿನಿಂದ ಯಾರಾದರೂ ಕೇಳುತ್ತಾರೆ. ಆಗ ಭಾಷಣ ಅಲ್ಲಿಗೇ ನಿಲ್ಲಿಸಿ, ಕುಲಪತಿಗಳೇ ಬೋರ್ಡಿನ ಮೇಲೆ ಮೊದಲಿನಿಂದ ಪಾಠ ಮಾಡಬೇಕಾಗುತ್ತೆ.